ಖಾಲಿ ಉಳಿದ ಹನ್ನೊಂದನೇ ಕಾಲಂ

೧೯೫೫ರಲ್ಲಿ ನಾನು ಹುಣಸೂರಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ರೆಕಾರ್ಡ್ ಕೀಪರ್ ಆಗಿದ್ದೆ. ಕೋರ್ಟಿಗೆ ಬಂದವರು ಮ್ಯಾಜಿಸ್ಟ್ರೇಟರನ್ನು ನೋಡುತ್ತಾರೆ, ವಕೀಲರನ್ನು ನೋಡುತ್ತಾರೆ, ಬಾಗಿಲಲ್ಲಿ ನಿಂತು ಹೆಸರು ಕೂಗುವ ಜವಾನನನ್ನೂ ನೋಡುತ್ತಾರೆ. ರೆಕಾರ್ಡ್ ಕೀಪರನನ್ನು ಮಾತ್ರ ಯಾರೂ ನೋಡುವುದಿಲ್ಲ. ಹಿಂಭಾಗದ ಹೆಂಚಿನ ಕೋಣೆಯಲ್ಲಿ ಹಳೆಯ ಕಾಗದ, ಒಣಗಿದ ಬೇವಿನ ಸೊಪ್ಪು ಮತ್ತು ಗೆದ್ದಲುಗಳ ಜೊತೆ ಅವನ ಸಂಸಾರ ನಡೆಯುತ್ತಿರುತ್ತದೆ. ಆದರೂ ನನಗೆ ಆ ಕೋಣೆಯ ವಿಷಯದಲ್ಲಿ ಸ್ವಲ್ಪ ಜಂಬವಿತ್ತು. ಹುಣಸೂರಿನದಲ್ಲದೆ ಸುತ್ತಲಿನ ತಾಲ್ಲೂಕುಗಳ ಹಳೆಯ ಕ್ರಿಮಿನಲ್ ಕಾಗದಗಳೂ ಒಂದಷ್ಟು ನಮ್ಮಲ್ಲಿಗೆ ಬಂದು ಬಿದ್ದಿದ್ದವು. ಯಾವ ಕಾಗದ ಕೇಳಿದರೂ ಅರ್ಧ ಗಂಟೆಯಲ್ಲಿ ತಂದು ಮೇಜಿನ ಮೇಲಿಡುತ್ತೇನೆ ಎಂದು ಗುಮಾಸ್ತರ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ.

ಕಾಗದಗಳನ್ನು ಇಡುವ ಕ್ರಮವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಪೊಲೀಸರಿಂದ ಚಾರ್ಜ್‌ಶೀಟ್ ಬಂದ ಕೂಡಲೇ ಪ್ರತಿ ಕೇಸಿಗೂ ಒಂದು ನಂಬರು ಕೊಟ್ಟು ಸಿ.ಸಿ. ರಿಜಿಸ್ಟರು ಎಂಬ ದೊಡ್ಡ ಪುಸ್ತಕದಲ್ಲಿ ಒಂದು ಸಾಲು ಬರೆಯುತ್ತಾರೆ. ಆರೋಪಿ ಯಾರು, ಯಾವ ಠಾಣೆ, ಯಾವ ಸೆಕ್ಷನ್ ಎಂದು ಒಂದೊಂದು ಕಾಲಂ ತುಂಬುತ್ತಾ ಹೋಗಿ, ಕೇಸು ಮುಗಿದ ಮೇಲೆ ಹನ್ನೊಂದನೇ ಕಾಲಮಿನಲ್ಲಿ ಫಲಿತಾಂಶ ಬರೆಯಬೇಕು. ಆ ಕಾಲಂ ನೋಡಿಕೊಂಡೇ ಠಾಣೆಗೆ ತಿಳುವಳಿಕೆ ಹೋಗುತ್ತದೆ. ಆಮೇಲೆ ಕಾಗದಗಳನ್ನೆಲ್ಲ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ, ಮೇಲೊಂದು ಚೀಟಿ ಅಂಟಿಸಿ ಕಪಾಟಿಗೆ ಏರಿಸುತ್ತಾರೆ. ಆ ಗಂಟಿಗೆ ನಮ್ಮಲ್ಲಿ ರುಮಾಲು ಎನ್ನುತ್ತಿದ್ದೆವು. ಕೇಸು ಹುಟ್ಟಿದ ದಿನದ ಪ್ರಕಾರವಲ್ಲ, ಮುಗಿದ ದಿನದ ಪ್ರಕಾರ ರುಮಾಲು ಕಟ್ಟುವುದು ಪದ್ಧತಿ. ಹೊಸ ಗುಮಾಸ್ತರು ಎಡವುತ್ತಿದ್ದುದು ಇಲ್ಲೇ. ಕಳ್ಳತನ ನಡೆದ ವರ್ಷದ ರುಮಾಲಿನಲ್ಲಿ ಹುಡುಕಿ ಹುಡುಕಿ ಸೀನುತ್ತಾ ಆಚೆ ಬರುತ್ತಿದ್ದರು.

ಆ ವರ್ಷದ ಜುಲೈ ತಿಂಗಳಲ್ಲಿ ಒಂದು ದಿನ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ನಮ್ಮ ಕೋಣೆಯ ಬಾಗಿಲಿಗೆ ಬಂದಳು. ಜವಾನ ಕೆಂಚಯ್ಯ, "ಇಲ್ಲಿಗೆಲ್ಲ ಬರಂಗಿಲ್ಲ ಕಣಮ್ಮ, ಅರ್ಜಿ ಇದ್ರೆ ಮುಂದ್ಲ ಬಾಗ್ಲಾಗೆ ಕೊಡು" ಎಂದು ತಡೆದ. ಆಕೆ ಅವನನ್ನು ದಾಟಿ ನನ್ನನ್ನೇ ನೋಡಿದಳು.

"ಗುರ್ತು ಸಿಕ್ತಾ ಸ್ವಾಮಿ? ನಾನು ದೇವೀರಮ್ಮ. ಎರ್ಗೆ ವಾರ್ಡಿನ ಆಯಾ. ನಿಮ್ಮ ಮೂರ್ನೇ ಮಗೀನ ಮೊದ್ಲು ಎತ್ಕಂಡೋಳು ನಾನೇ."

ಗುರುತು ಸಿಕ್ಕಿತು. ಹಿಂದಿನ ವರ್ಷ ನನ್ನ ಹೆಂಡತಿಗೆ ಹೆರಿಗೆ ಕಷ್ಟವಾದಾಗ ಎರಡು ಹಗಲು ಅವಳ ಕೈ ಬಿಡದೆ ಕೂತಿದ್ದವಳು ಈಕೆ. ಹೊರಗೆ ತಂದ ಮಗುವನ್ನು ನನಗೆ ತೋರಿಸುವ ಮುಂಚೆ, "ಮೊದ್ಲು ಓಗಿ ಕೈ ತೊಳ್ಕಂಡ್ ಬನ್ನಿ" ಎಂದು ಗದರಿಸಿದ್ದಳು. ಕೆಂಚಯ್ಯ ತಾನಾಗಿಯೇ ಸ್ಟೂಲು ಎಳೆದು ಹಾಕಿದ.

ವಿಷಯ ಹೀಗಿತ್ತು. ದೇವೀರಮ್ಮ ಆರು ವರ್ಷದಿಂದ ಆಸ್ಪತ್ರೆಯಲ್ಲಿ ಹಂಗಾಮಿಯಾಗಿ ಕೆಲಸ ಮಾಡುತ್ತಿದ್ದಳು. ಈಗ ಆಕೆಯನ್ನು ಕಾಯಂ ಮಾಡಲು ಡಾಕ್ಟರು ಬರೆದಿದ್ದರು. ಕಾಯಂ ನೌಕರಿಗೆ ಮುಂಚೆ ಪೊಲೀಸರಿಂದ ನಡತೆಯ ವರದಿ ತರಿಸುವುದು ಕಾನೂನು. ಆಕೆಯ ಹುಟ್ಟೂರಿನ ಕಡೆಯ ಠಾಣೆಯಿಂದ ಬಂದ ವರದಿಯಲ್ಲಿ ಒಂದೇ ಸಾಲಿತ್ತು: 'ಕಳ್ಳತನದ ಕೇಸಿನಲ್ಲಿ ಆರೋಪಿ, ಫಲಿತಾಂಶ ತಿಳಿದುಬಂದಿಲ್ಲ.' ಕೇಸು ಏನಾಯಿತೆಂಬ ಕೋರ್ಟಿನ ನಕಲು ಒಂದು ತಿಂಗಳೊಳಗೆ ತಂದುಕೊಡಬೇಕು, ಇಲ್ಲದಿದ್ದರೆ ಹಂಗಾಮಿ ಕೆಲಸವೂ ಇಲ್ಲ ಎಂದು ಆಕೆಗೆ ಹೇಳಿದ್ದರು.

"ಕಳ್ತನ ಮಾಡಿದ್ಯಾ?" ಎಂದು ಕೆಂಚಯ್ಯ ಕೇಳಿಯೇಬಿಟ್ಟ.

"ಮಾಡಿದ್ರೆ ಕಾಗ್ದ ಉಡ್ಕಿ ಅಂತ ಬತ್ತಿದ್ನಾ?" ಎಂದಳು ದೇವೀರಮ್ಮ.

ಹಿಂದೆ ಆಕೆ ಊರಿನಲ್ಲಿ ಸೂಲಗಿತ್ತಿ. ಊರಿನ ಸ್ಥಿತಿವಂತರ ಮನೆಯೊಂದರಲ್ಲಿ ಸೊಸೆ ಗೌರಮ್ಮನ ಚೊಚ್ಚಲು ಹೆರಿಗೆ ಮಾಡಿಸಿದ್ದಳು. ಹನ್ನೊಂದನೇ ದಿನ ಮಗುವಿಗೆ ಕಟ್ಟಿದ ಬೆಳ್ಳಿ ಉಡಿದಾರ ಮಾಯವಾಯಿತು. ದಿನವೂ ಮಗುವಿಗೆ ನೀರು ಹಾಕಲು ಬರುತ್ತಿದ್ದವಳು ಈಕೆಯೇ. ಗೌರಮ್ಮನ ಅತ್ತೆ ಈಕೆಯ ಮೇಲೆ ದೂರು ಕೊಡಿಸಿದಳು. ಕೇಸು ನಡೆಯಿತು.

"ಕೊನೇಗೆ ಏನು ತೀರ್ಪಾಯ್ತು?"

"ದೊರೆಗಳು ಇಂಗ್ಲೀಷ್ನಾಗೆ ಏನೋ ಬರೆದ್ರು. ಆಮೇಲೆ ನನ್ನ ನೋಡಿ 'ನೀನು ಓಗಬಹುದು' ಅಂದ್ರು. ನಾನು ಬಂದೆ. ಊರ್ನೋರು ನಂಬ್ನಿಲ್ಲ. ದಂಡ ಕಟ್ಟಿ ಬಂದವಳೆ ಅಂತ ಆ ಮನೇವ್ರು ಅಬ್ಬಿಸಿದ್ರು. ಯಾರ ಮನೇಲಿ ಏನು ಕಳುದ್ರೂ ಪೊಲೀಸ್ನೋರು ಮೊದ್ಲು ನಮ್ಮನೆ ಬಾಗ್ಲಿಗೇ ಬರೋರು. ಎರ್ಗೆಗೆ ಯಾರೂ ಕರೀನಿಲ್ಲ. ಊರು ಬುಟ್ಟೆ."

ಯಾವ ವರ್ಷವೆಂದು ಕೇಳಿದರೆ ಆಕೆಗೆ ಗೊತ್ತಿಲ್ಲ. ರಾಗಿ ಒಕ್ಕಣೆ ಮುಗಿದಿತ್ತು, ಮಾವಿನ ತೋಪಿನಲ್ಲಿ ಡೇರೆ ಹಾಕಿದ್ದರು, ಅಷ್ಟೇ ನೆನಪು. ನನಗಂತೂ ಹುರುಪು ಬಂತು. ಒಂದು ವಾರ ಬಿಟ್ಟು ಬಾ, ಕಾಗದ ನಿನ್ನ ಕೈಲಿರುತ್ತದೆ ಎಂದು ಮಾತು ಕೊಟ್ಟುಬಿಟ್ಟೆ. ಕೊಡಬಾರದಿತ್ತು.

ವರ್ಷ ಕಂಡುಹಿಡಿಯುವುದೇನೋ ಸುಲಭವಾಯಿತು. ಜನಕ್ಕೆ ಇಸವಿ ನೆನಪಿರುವುದಿಲ್ಲ, ಆದರೆ ಹುಟ್ಟು ಸಾವು ನೆನಪಿರುತ್ತದೆ. ಅವು ಊರಿನ ಜನನ ಮರಣ ಪುಸ್ತಕದಲ್ಲಿಯೂ ಇರುತ್ತವೆ. ಗೌರಮ್ಮನ ಚೊಚ್ಚಲು ಮಗು ಹುಟ್ಟಿದ ತಾರೀಖು ತಿಳಿಸಿ ಎಂದು ಆ ಊರಿನ ಶ್ಯಾನುಭೋಗರಿಗೆ ಕಾಗದ ಬರೆದೆ. ಮೂರನೇ ದಿನಕ್ಕೆ ಉತ್ತರ ಬಂತು: ೧೯೪೩ರ ಫೆಬ್ರವರಿ. ಕೂಡಲೇ ಆ ತಾಲ್ಲೂಕಿನ ಸಿ.ಸಿ. ರಿಜಿಸ್ಟರು ತೆಗೆದೆ. ನಾಲ್ಕು ಹಾಳೆ ಮಗುಚುವುದರೊಳಗೆ ದೇವೀರಮ್ಮನ ಹೆಸರು ಸಿಕ್ಕಿತು. ಸೆಕ್ಷನ್ ೩೭೯, ಒಂದು ಬೆಳ್ಳಿ ಉಡಿದಾರ. ಬೆರಳನ್ನು ಅದೇ ಸಾಲಿನಲ್ಲಿ ಬಲಕ್ಕೆ ಓಡಿಸಿದೆ. ಹನ್ನೊಂದನೇ ಕಾಲಂ ಖಾಲಿ.

ಮೇಲಿನ ಸಾಲಿಗೆ ಫಲಿತಾಂಶವಿದೆ, ಕೆಳಗಿನ ಸಾಲಿಗೂ ಇದೆ. ಇದೊಂದು ಮನೆ ಮಾತ್ರ ಬಿಳಿ. ಠಾಣೆಯವರು 'ತಿಳಿದುಬಂದಿಲ್ಲ' ಎಂದು ಬರೆದದ್ದು ಸರಿಯಾಗಿಯೇ ಇತ್ತು. ಅವರಿಗೆ ತಿಳಿಸಬೇಕಾದವನು ತಿಳಿಸಿರಲಿಲ್ಲ. ಮುಗಿದ ದಿನ ಗೊತ್ತಿಲ್ಲವೆಂದ ಮೇಲೆ ಯಾವ ರುಮಾಲು ಬಿಚ್ಚಬೇಕೆಂಬುದೂ ಗೊತ್ತಿಲ್ಲ. "ಯಾವ ದಂಡಪಿಂಡ ಗುಮಾಸ್ತ ಇವನು!" ಎಂದು ನಾನು ಬಾಯಿ ತುಂಬ ಬೈದೆ. ಈಗಲೂ ನೆನಪಿದೆ, ಕೆಂಚಯ್ಯ ಹೌದೆಂದು ತಲೆ ಆಡಿಸಿದ.

೧೯೪೩ ಮತ್ತು ೪೪ರ ಎಲ್ಲ ಕ್ರಿಮಿನಲ್ ರುಮಾಲುಗಳನ್ನೂ ಇಳಿಸಿದೆವು. ನಾಲ್ಕು ದಿನ ಒಂದೊಂದೇ ಬಿಚ್ಚಿ, ಒಂದೊಂದು ಕಾಗದವನ್ನೂ ಮಗುಚಿ ನೋಡಿ, ಮತ್ತೆ ಕಟ್ಟಿಟ್ಟೆವು. ಮೂಗು, ಗಂಟಲು, ಊಟದ ಡಬ್ಬಿ ಎಲ್ಲ ಧೂಳು. ದೇವೀರಮ್ಮನ ಕೇಸಿಲ್ಲ. ವಾರ ಕಳೆದು ಆಕೆ ಬಂದಾಗ ಮುಖ ತಪ್ಪಿಸಿಕೊಂಡು, ಇನ್ನೊಂದು ವಾರ ಎಂದೆ. ಆಕೆ ಸೆರಗು ಸರಿಮಾಡಿಕೊಂಡು ಹೊರಟುಹೋದಳು. ಬೈದಿದ್ದರೆ ವಾಸಿಯಿತ್ತು.

ನನ್ನ ಮೇಲಿನ ಅಧಿಕಾರಿ ಶಿರಸ್ತೇದಾರರು ಒಳ್ಳೆಯ ಮನುಷ್ಯರೇ, ಆದರೆ ಅವರಿಗೆ ದಿನದ ಕೆಲಸ ದಿನಕ್ಕೆ ಮುಗಿಯಬೇಕು. "ಅದೇನ್ರೀ, ಒಂದು ಅರ್ಜಿಗೆ ಇಷ್ಟು ದಿನ? 'ದಾಖಲೆ ಲಭ್ಯವಿಲ್ಲ' ಅಂತ ಹಿಂಬರಹ ಬರೆದು ಕಳಿಸಿ" ಎಂದರು. ನಿಯಮದ ಪ್ರಕಾರ ಅವರ ಮಾತು ತಪ್ಪಲ್ಲ. ಆದರೆ ಆ ಎರಡು ಪದ ಬರೆದರೆ ಆಕೆಯ ಅನ್ನಕ್ಕೆ ಕಲ್ಲು ಹಾಕಿದ ಹಾಗೆ. ಎರಡು ದಿನ ಕೊಡಿ ಎಂದು ಬೇಡಿಕೊಂಡೆ.

ಆ ಸಂಜೆ ಮನೆಯ ಜಗುಲಿಯ ಮೇಲೆ ಕೂತು ಮೊದಲಿನಿಂದ ಯೋಚಿಸಿದೆ. ಮಾವಿನ ತೋಪು, ಡೇರೆ. ಅಂದರೆ ಕೇಸು ಕಚೇರಿಯಲ್ಲಿ ನಡೆದಿಲ್ಲ, ಕ್ಯಾಂಪಿನಲ್ಲಿ ನಡೆದಿದೆ. ಮಹಾರಾಜರ ಕಾಲದಲ್ಲಿ ತಾಲ್ಲೂಕಿನ ಅಮಲ್ದಾರರಿಗೇ ಮ್ಯಾಜಿಸ್ಟ್ರೇಟ್ ಅಧಿಕಾರವೂ ಇತ್ತು. ವರ್ಷಕ್ಕೊಮ್ಮೆ ಜಮಾಬಂದಿಗೆ, ಎಂದರೆ ಊರೂರಿನ ಕಂದಾಯದ ಪುಸ್ತಕಗಳ ತನಿಖೆಗೆ, ಹಳ್ಳಿಗಳ ಮೇಲೆ ಹೊರಟಾಗ ಬೆಳಿಗ್ಗೆ ಪುಸ್ತಕ ನೋಡಿ, ಮಧ್ಯಾಹ್ನ ಅದೇ ಮೇಜಿನ ಮೇಲೆ ಸುತ್ತಲಿನ ಸಣ್ಣಪುಟ್ಟ ಕ್ರಿಮಿನಲ್ ಕೇಸುಗಳನ್ನೂ ಮುಗಿಸಿಬಿಡುತ್ತಿದ್ದರು. ಜೊತೆಗೆ ಒಬ್ಬನೇ ಗುಮಾಸ್ತ. ದೊಡ್ಡ ರಿಜಿಸ್ಟರನ್ನು ಗಾಡಿಯಲ್ಲಿ ಹೇರಿಕೊಂಡು ಹೋಗುವುದಿಲ್ಲ. ಚೂರು ಕಾಗದದಲ್ಲಿ ಗುರುತು ಹಾಕಿಕೊಂಡು, ಕಚೇರಿಗೆ ಮರಳಿದ ಮೇಲೆ ಕಾಲಂ ತುಂಬಬೇಕು. ಕ್ಯಾಂಪಿನ ಕೊನೆಯ ದಿನ ಡೇರೆ ಕೀಳುವ ಗಡಿಬಿಡಿ, ಗಾಡಿಯವನ ಕೂಗಾಟ, ಬಟ್ಟೆ ಸಾಲದು. ಆಗ ಗುಮಾಸ್ತನಾದವನು ಏನು ಮಾಡುತ್ತಾನೆ? ಕೈಗೆ ಸಿಕ್ಕ ಒಂದೇ ರುಮಾಲಿನಲ್ಲಿ ಎಲ್ಲವನ್ನೂ ಕಟ್ಟುತ್ತಾನೆ. ಕಚೇರಿಗೆ ಹೋಗಿ ಬೇರ್ಪಡಿಸೋಣ ಅಂದುಕೊಳ್ಳುತ್ತಾನೆ.

ಮರುದಿನ ಬೆಳಿಗ್ಗೆ ಕೆಂಚಯ್ಯನಿಗೆ, "ಕ್ರಿಮಿನಲ್ ಬಿಡು, ಜಮಾಬಂದಿ ರುಮಾಲು ಇಳಿಸು" ಎಂದೆ.

ಅವು ಹತ್ತು ವರ್ಷ ಇಟ್ಟು ಆಮೇಲೆ ಸುಡಬೇಕಾದ ಕಂತೆಗಳು. ಕ್ರಿಮಿನಲ್ ಕಾಗದಗಳ ಜೊತೆ ತಪ್ಪಿ ನಮ್ಮಲ್ಲಿಗೆ ಬಂದಿದ್ದವು. ಎರಡು ವರ್ಷದ ಹಿಂದೆಯೇ ಪಟ್ಟಿ ಮಾಡಿ ಸುಡಿಸಬೇಕಾಗಿದ್ದವನು ನಾನು. ನಾಳೆ ನಾಳೆ ಎಂದು ಮುಂದೆ ಹಾಕಿದ್ದೆ. ನನ್ನ ಸೋಮಾರಿತನಕ್ಕೆ ನಾನೇ ಕೈಮುಗಿದದ್ದು ಅದೊಂದು ದಿನ ಮಾತ್ರ.

ಮೂರನೆಯ ರುಮಾಲಿನಲ್ಲಿ ಕಂದಾಯದ ಲೆಕ್ಕಪಟ್ಟಿಗಳ ನಡುವೆ ಏಳು ಕ್ರಿಮಿನಲ್ ಕೇಸುಗಳಿದ್ದವು. ಆರಕ್ಕೆ ರಿಜಿಸ್ಟರಿನಲ್ಲಿ ಹೇಗೋ ಕಾಲಂ ತುಂಬಿತ್ತು. ಏಳನೆಯದು, ಎಲ್ಲಕ್ಕಿಂತ ಕೆಳಗೆ ಅಂಟಿಕೊಂಡಿದ್ದದ್ದು, ದೇವೀರಮ್ಮನದು. ತೀರ್ಪು ಒಂದೂವರೆ ಪುಟ. ನಿಂತಲ್ಲೇ ಓದಿದೆ. ಬಾಣಂತಿ ಗೌರಮ್ಮನನ್ನು ಸರ್ಕಾರದ ಕಡೆಯ ಸಾಕ್ಷಿಯಾಗಿ ಕರೆದಿದ್ದರು. ಅವಳು ಅತ್ತೆಯ ಎದುರಿಗೇ ನಿಂತು, 'ಸೂಲಗಿತ್ತಿ ನೀರು ಹಾಕಿ ಹೋದ ಮೇಲೂ ಮಗುವಿನ ಸೊಂಟದಲ್ಲಿ ಉಡಿದಾರ ಇತ್ತು, ನಾನೇ ನೋಡಿದ್ದೇನೆ' ಎಂದು ಹೇಳಿದ್ದಳು. ಅಮಲ್ದಾರರು ಅದನ್ನು ನಂಬಿ, ಆರೋಪಕ್ಕೆ ಎಳ್ಳಷ್ಟೂ ಆಧಾರವಿಲ್ಲ, ಆರೋಪಿಯ ಹೆಸರಿಗೆ ಯಾವ ಕಳಂಕವೂ ಉಳಿಯಬಾರದು ಎಂದು ಬರೆದು ಖುಲಾಸೆ ಮಾಡಿದ್ದರು. ನಾನು ಸಂತೋಷದಿಂದ ಕೆಂಚಯ್ಯನ ಬೆನ್ನಿಗೆ ಗುದ್ದಿದೆ.

ಕೆಂಚಯ್ಯನ ಕಣ್ಣು ರುಮಾಲಿನ ಮೇಲಿನ ಚೀಟಿಯ ಮೇಲಿತ್ತು. ಅವನಿಗೆ ಓದು ಬರಹ ಬಾರದು. ಆದರೆ ಇಪ್ಪತ್ತು ವರ್ಷ ಕಾಗದ ಹೊತ್ತವನು, ಯಾರ ಬರವಣಿಗೆ ಹೇಗೆ ಓರೆಯಾಗುತ್ತದೆಂದು ಬಲ್ಲ.

"ಸ್ವಾಮಿ, ಇದು ನಿಮ್ಮ ಕೈಬರ ಇದ್ದಂಗದೆ" ಎಂದ.

ನೋಡಿದೆ. ನನ್ನದೇ.

ಈ ಕೋರ್ಟಿಗೆ ಬರುವ ಮುಂಚೆ ನಾನು ಹತ್ತು ವರ್ಷ ಬೇರೆ ಬೇರೆ ತಾಲ್ಲೂಕು ಕಚೇರಿಗಳಲ್ಲಿ ಗುಮಾಸ್ತನಾಗಿದ್ದವನು. ಯಾವ ತಾಲ್ಲೂಕೆಂದು ಹೇಳಿ ಆ ಕಚೇರಿಯ ಮರ್ಯಾದೆ ತೆಗೆಯುವುದಿಲ್ಲ, ಏಕೆಂದರೆ ತಪ್ಪು ಕಚೇರಿಯದಲ್ಲ. ಅಲ್ಲಿ ನಾನಿದ್ದದ್ದು ಕೆಲವೇ ತಿಂಗಳು, ಆದ್ದರಿಂದ ರಿಜಿಸ್ಟರು ನೋಡಿದಾಗಲೂ ಆ ಗುಮಾಸ್ತ ನಾನೇ ಇರಬಹುದೆಂದು ಹೊಳೆದಿರಲಿಲ್ಲ. ಕ್ಯಾಂಪಿನ ಗುಮಾಸ್ತ ಏನು ಮಾಡುತ್ತಾನೆಂದು ನನಗೆ ಅಷ್ಟು ಚೆನ್ನಾಗಿ ಹೊಳೆದದ್ದೇಕೆಂದು ಆಗ ಅರ್ಥವಾಯಿತು. ೪೩ರ ಮಾರ್ಚಿನ ಆ ಕ್ಯಾಂಪು ಈಗ ಚೆನ್ನಾಗಿಯೇ ನೆನಪಾಯಿತು. ಮರಳಿದ ಮರುದಿನದಿಂದ ನನಗೆ ಮದುವೆಗೆಂದು ರಜೆ. ಆರು ಕೇಸಿನ ಕಾಲಂ ತುಂಬುವಷ್ಟರಲ್ಲಿ ಊರಿನ ಬಸ್ಸಿನ ಹೊತ್ತಾಯಿತು. ರುಮಾಲು ಬಿಗಿದು ಕಪಾಟಿಗೆ ತಳ್ಳಿ ಓಡಿದೆ. ಹೊಸ ಪಂಚೆ, ಹೊಸ ಕೋಟು, ಹೊಸ ಹೆಂಡತಿ. ಏಳನೆಯದು ಮತ್ತೆ ನೆನಪಿಗೇ ಬರಲಿಲ್ಲ. ನನ್ನ ಸಂಸಾರಕ್ಕೂ ದೇವೀರಮ್ಮನ ಮೇಲಿನ ಕಳಂಕಕ್ಕೂ ಒಂದೇ ವಯಸ್ಸು, ಹನ್ನೆರಡು ವರ್ಷ.

ಶಿರಸ್ತೇದಾರರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ಸಿಕ್ಕಿತಲ್ಲ, ಸಾಕು. ನಕಲು ಕೊಟ್ಟು ಕಳಿಸಿ. ಸತ್ತ ಹಾವನ್ನ ಯಾಕ್ರೀ ಬಡೀತೀರಿ?" ಎಂದರು. ನಿಜ ಹೇಳಬೇಕೆಂದರೆ ನನಗೂ ಆ ಸಲಹೆ ಹಿತವಾಗಿತ್ತು.

ಎರಡು ದಿನ ಬಿಟ್ಟು ದೇವೀರಮ್ಮ ಬಂದಳು. ಮೊಹರು ಹಾಕಿದ ನಕಲನ್ನು ಕೈಗೆ ಕೊಟ್ಟು ಕನ್ನಡದಲ್ಲಿ ಅರ್ಥ ಹೇಳಿದೆ. ಗೌರಮ್ಮನ ಸಾಕ್ಷಿಯ ಮಾತು ಬಂದಾಗ, "ಆ ಎಣ್ಮಗ ನನ್ನ ಕಡೀಕೆ ಮಾತಾಡ್ತು, ಬಾಣಂತಿ, ನೆಟ್ಟಗೆ ನಿಲ್ಲಾಕೂ ಆಯ್ತಿರ್ನಿಲ್ಲ" ಎಂದು ಕಣ್ಣೊರೆಸಿಕೊಂಡಳು. ಕಾಗದವನ್ನು ಮಡಿಸಿ ಸೆರಗಿನಲ್ಲಿ ಗಂಟು ಹಾಕಿದಳು. ಎದ್ದವಳು ಬಾಗಿಲಲ್ಲಿ ತಿರುಗಿದಳು.

"ಇಷ್ಟು ವರ್ಸ ಇದು ಎಲ್ಲಿತ್ತು ಸ್ವಾಮಿ?"

'ಕಚೇರಿಯಲ್ಲಿ' ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನನ್ನ ಮಗುವನ್ನು ಎತ್ತಿಕೊಂಡ ಕೈಯಲ್ಲಿ ಆ ಕಾಗದ ನೋಡಿದ ಮೇಲೆ ಸುಳ್ಳು ನಾಲಿಗೆಗೆ ಬರಲಿಲ್ಲ. ಡೇರೆ, ರುಮಾಲು, ಮದುವೆಯ ರಜೆ, ಎಲ್ಲ ಹೇಳಿದೆ. ತಪ್ಪಾಯಿತು ಎಂದೆ.

ಕೆಂಚಯ್ಯ ಮೆಲ್ಲನೆ ಹೊರಗೆ ನಡೆದ.

"ನಮ್ಮವ್ವ ಸತ್ತಾಗ ಊರೊಳಿಕ್ಕೆ ಓಗ್ನಿಲ್ಲ. ಸುಡಗಾಡಿನ ಬೇಲಿ ತಾವ ನಿಂತ್ಕಂಡು ಮಣ್ಣು ಹಾಕೋದ ನೋಡಿ ಬಂದೆ" ಎಂದಳು. "ನಿಮ್ಮ ಮ್ಯಾಲೆ ಸಿಟ್ಟಿಲ್ಲ ಅಂತ ಸುಳ್ಳು ಏಳಾಕಿಲ್ಲ ಸ್ವಾಮಿ. ಅದೆ."

ನಾನು ತಲೆ ತಗ್ಗಿಸಿದೆ.

"ಈ ಕಾಗ್ದ ಆಸ್ಪತ್ರೆಯೋರ್ಗೆ ಆಯ್ತು. ನಮ್ಮೂರ್ನೋರ್ಗೆ? ಅವ್ರು ಕಾಗ್ದ ನೋಡಾಕಿಲ್ಲ, ಕಿವೀಲಿ ಕೇಳ್ಬೇಕು. ನೀವು ಕಟ್ಟಿಟ್ಟಿದ್ದ ನೀವೇ ಬಂದು ಬಿಚ್ಚಿ. ಚಾವಡಿ ಮುಂದೆ ಓದ್ಬುಡಿ."

ಸೆಪ್ಟೆಂಬರಿನ ಒಂದು ಭಾನುವಾರ ಬೆಳಗಿನ ಬಸ್ಸಿಗೆ ಇಬ್ಬರೂ ಹೊರಟೆವು. ಇಳಿದು ಎರಡು ಮೈಲಿ ನಡಿಗೆ. ದಾರಿಯ ಎರಡು ಬದಿಯಲ್ಲೂ ರಾಗಿ ಮೊಳಕಾಲುದ್ದ ಬೆಳೆದಿತ್ತು. ಊರು ಹತ್ತಿರವಾದಂತೆ ಆಕೆಯ ನಡಿಗೆ ನಿಧಾನವಾಯಿತು. ಮುಂದಾಗಿಯೇ ಪಟೇಲರಿಗೆ ಪತ್ರ ಬರೆದಿದ್ದೆ. ಚಾವಡಿಯ ಮುಂದೆ ಐವತ್ತು ಅರವತ್ತು ಜನ ಸೇರಿದ್ದರು. ಗೌರಮ್ಮನ ಅತ್ತೆ, ಈಗ ತಲೆ ನಡುಗುವ ಮುದುಕಿ, ಕಂಬಕ್ಕೆ ಒರಗಿ ಕೂತಿದ್ದಳು. ಗೌರಮ್ಮ ಹೆಂಗಸರ ಹಿಂದಿನ ಸಾಲಿನಲ್ಲಿದ್ದಳು.

ತೀರ್ಪನ್ನು ನಾನೇ ಕನ್ನಡಕ್ಕೆ ಇಳಿಸಿಕೊಂಡು ಹೋಗಿದ್ದೆ. ಮೂವತ್ತು ವರ್ಷದ ನೌಕರಿಯಲ್ಲಿ ಎಷ್ಟೋ ಕಾಗದ ಓದಿದ್ದೇನೆ. ಚಾವಡಿಯ ಮುಂದೆ ಎದ್ದು ನಿಂತು ಓದಿದ್ದು ಅದೊಂದು ಸಲ. 'ಆರೋಪಿಯ ಹೆಸರಿಗೆ ಯಾವ ಕಳಂಕವೂ ಉಳಿಯಬಾರದು' ಎಂಬ ಸಾಲನ್ನು ಎರಡು ಸಲ ಓದಿದೆ. ಆಮೇಲೆ, ಈ ಮಾತು ಹನ್ನೆರಡು ವರ್ಷ ನಿಮ್ಮನ್ನು ಮುಟ್ಟದೆ ಇದ್ದದ್ದು ನನ್ನ ತಪ್ಪಿನಿಂದ ಎಂದು ಹೇಳಿದೆ.

"ಅಂಗಾರೆ ದಂಡ ಕಟ್ಟಿದ್ದು ಸುಳ್ಳಾ?" ಎಂದು ಯಾರೋ ಗಂಡಸು ಕೇಳಿದ.

ಹಿಂದಿನ ಸಾಲಿನಿಂದ ಗೌರಮ್ಮ, "ಸುಳ್ಳೇ. ನಾನು ಆವತ್ತೇ ಏಳಿದ್ದೆ. ಈ ಊರ್ನಾಗೆ ನನ್ನ ಮಾತು ಯಾರು ಕೇಳಿದ್ರಿ?" ಎಂದಳು.

ಮುದುಕಿ ಕಂಬ ಹಿಡಿದು ಎದ್ದಳು. ಏನಾದರೂ ಹೇಳುತ್ತಾಳೆಂದು ಎಲ್ಲರೂ ನೋಡಿದರು. ಏನೂ ಹೇಳದೆ ಮನೆಯ ಕಡೆ ನಡೆದಳು. ಜೀವನದಲ್ಲಿ ಎಲ್ಲ ಕಾಲಮೂ ತುಂಬುವುದಿಲ್ಲ.

ಜನ ಚದುರತೊಡಗಿದಾಗ ಒಬ್ಬ ಹೆಂಗಸು ಮುಂದೆ ಬಂದು ದೇವೀರಮ್ಮನ ಎದುರು ನಿಂತಳು. ಸ್ವಲ್ಪ ಹೊತ್ತು ಸೆರಗಿನ ತುದಿ ತಿರುಚಿದಳು.

"ನಮ್ಮ ಸೊಸೆಗೆ ಈಗ ಒಂಬತ್ರಲ್ಲಿ ನಡೀತಾ ಅದೆ ಕಣಕ್ಕ. ಬತ್ತೀಯಾ?"

ದೇವೀರಮ್ಮ ನನ್ನ ಕಡೆ ನೋಡಿದಳು, ಮತ್ತೆ ಆ ಹೆಂಗಸಿನ ಕಡೆ ನೋಡಿದಳು. ಹಿಂದಿನ ವಾರವಷ್ಟೇ ಆಕೆಯ ಆರ್ಡರು ಬಂದಿತ್ತು. "ಹುಣಸೂರಾಸ್ಪತ್ರೆಗೇ ಕರ್ಕಂಡ್ ಬಾ ಕಣಮ್ಮಿ. ನಾನು ಅಲ್ಲೇ ಇರ್ತೀನಿ. ಈಗ ಪರ್ಮನೆಂಟು" ಎಂದಳು. ಹೇಳುವಾಗ ನಕ್ಕಳು, ಹೇಳಿ ಮುಗಿಸಿದ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಹೆಂಗಸರೆಲ್ಲ ಸುತ್ತುವರಿದರು. ನಾನು ಬಸ್ಸಿಗೆ ಒಬ್ಬನೇ ಮರಳಿದೆ. ಆಕೆಯನ್ನು ಆ ದಿನ ಊರಿನವರು ಊಟಕ್ಕೆ ನಿಲ್ಲಿಸಿಕೊಂಡರು.

ಸೋಮವಾರ ಕೋರ್ಟಿಗೆ ಹೋದವನು ಮೊದಲು ಆ ಹಳೆಯ ಸಿ.ಸಿ. ರಿಜಿಸ್ಟರನ್ನು ತೆಗೆದೆ. ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಹನ್ನೊಂದನೇ ಕಾಲಮಿನಲ್ಲಿ 'ಖುಲಾಸೆ' ಎಂದು ಬರೆದು, ಬರೆದ ದಿನದ ತಾರೀಖನ್ನೂ ಪಕ್ಕದಲ್ಲಿ ನಮೂದಿಸಿದೆ. ತಡವಾದದ್ದು ಮುಂದಿನವರಿಗೆ ಕಾಣಲಿ ಎಂದು. ಠಾಣೆಗೂ ಪತ್ರ ಹೋಯಿತು.

ಆಮೇಲೆ ನನ್ನ ಕೈಕೆಳಗೆ ಬಂದ ಪ್ರತಿ ಹೊಸ ಗುಮಾಸ್ತನಿಗೂ ಕಾಗದ ಹುಡುಕುವ ವಿದ್ಯೆ ಹೇಳಿಕೊಟ್ಟೆ. ಇಸವಿ ಕೇಳಬೇಡ, ಮಗು ಹುಟ್ಟಿದ್ದು ಯಾವಾಗ ಎಂದು ಕೇಳು; ಕೇಸು ಎಲ್ಲಿ ನಡೆಯಿತೆಂದು ಕೇಳು; ಸಿಗದಿದ್ದರೆ ಕಟ್ಟಿದವನ ಆತುರ ಎಂಥದಿತ್ತೆಂದು ಯೋಚಿಸು. ಅವರು ಬರೆದುಕೊಳ್ಳುತ್ತಿದ್ದರು. ಕೊನೆಯ ಪಾಠವನ್ನು ಮಾತ್ರ ನಾನು ಬಾಯಲ್ಲಿ ಹೇಳಲಿಲ್ಲ. ಅವರು ರುಮಾಲಿನ ಗಂಟು ಬಿಗಿಯುವಾಗ ಪಕ್ಕದಲ್ಲಿ ನಿಂತು, ರಿಜಿಸ್ಟರು ತೆರೆದು, ಹನ್ನೊಂದನೇ ಕಾಲಮಿನ ಮೇಲೆ ಬೆರಳಿಡುತ್ತಿದ್ದೆ. ಅದು ತುಂಬುವ ತನಕ ಗಂಟು ಹಾಕಲು ಬಿಡುತ್ತಿರಲಿಲ್ಲ, ಅವರ ಬಸ್ಸು ತಪ್ಪಿದರೂ ಸರಿಯೆ.